ಎಂಟನೆಯ ಇನಿಂಗ್ಸ್‌ನ ಪೆನ್ಸಿಲ್ ಗುರುತು

ನೂರ ಅರವತ್ತೆರಡು ಪಂದ್ಯ. ಏಪ್ರಿಲ್ ಚಳಿಯಲ್ಲಿ ಮೂಗು ಸೋರಿಸಿಕೊಂಡು ಶುರು ಮಾಡಿ, ಸೆಪ್ಟೆಂಬರ್ ಕೊನೆಯವರೆಗೆ ಒಂದು ಬೇಸ್‌ಬಾಲ್ ತಂಡ ಅಷ್ಟು ಪಂದ್ಯ ಆಡುತ್ತದೆ. ಈ ಸಲ ನಮ್ಮೂರ ತಂಡ ಸ್ಟೋಕರ್ಸ್ ಅದರಲ್ಲಿ ನೂರನಾಲ್ಕು ಗೆದ್ದಿತು. ಆಮೇಲೆ ಪ್ಲೇಆಫ್ ಎಂಬ ಹೆಸರಿನಲ್ಲಿ ಐದು ಪಂದ್ಯದ ಒಂದು ಗಡಿಬಿಡಿ ನಡೆಯಿತು. ಎಂಬತ್ತನಾಲ್ಕು ಗೆದ್ದು ಹೇಗೋ ಒಳಗೆ ನುಸುಳಿದ್ದ ತಂಡವೊಂದು ನಮ್ಮವರನ್ನು ಸೋಲಿಸಿ ಮನೆಗೆ ಕಳಿಸಿತು. ಇದು ನ್ಯಾಯ ಎನ್ನುವವರಿದ್ದರೆ ನನ್ನೆದುರು ನಿಂತು ಹೇಳಲಿ. ನಾನು ಹ್ಯಾಲಿಡನ್ ಊರಿನಲ್ಲಿ ಮೂವತ್ತನಾಲ್ಕು ವರ್ಷ ಸಿಟಿ ಬಸ್ಸು ಓಡಿಸಿದವನು. ವರ್ಷವಿಡೀ ಒಂದು ಗೀರೂ ಬೀಳದಂತೆ ಓಡಿಸಿದವನನ್ನು ಡಿಸೆಂಬರಿನಲ್ಲಿ ಕರೆದು, ಈ ವಾರ ಐದು ಸಲ ರಿವರ್ಸ್ ತೆಗೆದು ತೋರಿಸು, ಮೂರು ಸಲ ತಪ್ಪಿದರೆ ನೀನು ಡ್ರೈವರೇ ಅಲ್ಲ ಎಂದರೆ ಹೇಗಿರುತ್ತದೋ ಹಾಗಿದೆ ಇದು.

ನಾನು ಹುಡುಗನಾಗಿದ್ದಾಗ ಎರಡು ಲೀಗ್ ಇದ್ದವು. ಎರಡರಲ್ಲೂ ಮೇಲೆ ಬಂದವರು ಅಕ್ಟೋಬರಿನಲ್ಲಿ ಎದುರಾಗುತ್ತಿದ್ದರು. ಅಲ್ಲಿಗೆ ಮುಗಿಯಿತು. ಈಗ ಹನ್ನೆರಡು ತಂಡಗಳಿಗೆ ಬಾಗಿಲು ತೆರೆದಿಟ್ಟಿದ್ದಾರೆ. ಇನ್ನು ಕೆಲವು ವರ್ಷಕ್ಕೆ ಬಾಗಿಲನ್ನೇ ಕಿತ್ತು ಪಕ್ಕಕ್ಕಿಡುತ್ತಾರೆ.

ನಮ್ಮವರು ಸೋತ ಮೇಲಿನ ಶನಿವಾರ ಮಧ್ಯಾಹ್ನ ಲೊರೆಟಾಳ ಬಾರಿನಲ್ಲಿ ನಾನು ಇದನ್ನೇ ಹೇಳುತ್ತಿದ್ದೆ. ಲೊರೆಟಾ ತೀರಿಹೋದ ನನ್ನ ಹೆಂಡತಿಯ ತಂಗಿ. ಶನಿವಾರ ಅವಳು ಆಲೂಗಡ್ಡೆ ತುಂಬಿದ ಪಿರೋಗಿ ಕಡುಬು ಬೇಯಿಸಿ, ಬೆಣ್ಣೆಯಲ್ಲಿ ಈರುಳ್ಳಿ ಹುರಿದು ಮೇಲೆ ಹಾಕಿ ಕೊಡುತ್ತಾಳೆ. ಕಿಟಕಿಯ ಪಕ್ಕದ ಸ್ಟೂಲು ನನ್ನದು. ಅದು ಹಾಗೇ ಬಂದ ಸ್ಟೂಲಲ್ಲ. ಹದಿಮೂರನೆಯ ವಯಸ್ಸಿನಿಂದ ನಾನು ನೋಡಿದ ಒಂದೊಂದು ಪಂದ್ಯವನ್ನೂ ಸ್ಕೋರ್ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ. ವರ್ಷಕ್ಕೊಂದರಂತೆ ಐವತ್ತೇಳು ಪುಸ್ತಕಗಳು ನನ್ನ ಮನೆಯ ನೆಲಮಾಳಿಗೆಯಲ್ಲಿವೆ. ಬಾರಿನಲ್ಲಿ ಹಳೆಯ ಪಂದ್ಯದ ಬಗ್ಗೆ ಜಗಳ ಬಂದರೆ ಲೊರೆಟಾ ಒಂದೇ ಮಾತು ಹೇಳುತ್ತಾಳೆ: ಕ್ಯಾಸ್ ಪುಸ್ತಕ ತರಲಿ. ನಾನು ತರುತ್ತೇನೆ, ಜಗಳ ಮುಗಿಯುತ್ತದೆ. ಕ್ಯಾಸಿಮಿರ್ ವ್ರೋಬೆಲ್‌ನ ಪುಸ್ತಕ ತಪ್ಪಿದ್ದು ಈ ಬಾರಿನ ಇತಿಹಾಸದಲ್ಲೇ ಇಲ್ಲ.

"ಪ್ಲೇಆಫ್‌ದ್ದಲ್ಲ ಕಣೋ ತಪ್ಪು, ಸಂಬಳದ್ದು," ಎಂದ ಡೆಲ್ ಹಫ್ನರ್. ಅವನು ನಲವತ್ತು ವರ್ಷ ವಿಮೆ ಮಾರಿ, ಈಗ ನಿವೃತ್ತನಾಗಿ ಬಾರಿನಲ್ಲಿ ಅಭಿಪ್ರಾಯ ಮಾರುತ್ತಾನೆ. "ಮೂವತ್ತು ಕೋಟಿ ಡಾಲರ್ ಕೊಟ್ಟಿದಾರೆ ಆ ದಾಂಡಿಗನಿಗೆ. ಏನ್ ಮಾಡ್ದ? ನಾಲ್ಕು ಪಂದ್ಯದಲ್ಲಿ ಎರಡು ಹಿಟ್! ಹೊಟ್ಟೆ ತುಂಬಿದೋನಿಗೆ ಓಡೋದಕ್ಕೆ ಆಗುತ್ತೇನೋ? ಎಲ್ಲಾ ಕಳ್ರು."

"ಹಾಗಾದ್ರೆ ಆ ಮೂವತ್ತು ಕೋಟಿ ಕೊಟ್ಟೋನ ಹತ್ರ ಎಷ್ಟಿದೆ, ಯಾವತ್ತಾದ್ರೂ ಕೇಳಿದ್ಯಾ?" ಎಂದೆ. "ಅವನ ಹೆಸರೂ ನಿಂಗೆ ಸರಿಯಾಗಿ ಗೊತ್ತಿಲ್ಲ. ಆಡೋನ ಸಂಬಳ ಮಾತ್ರ ಬಾಯಿಪಾಠ."

"ಹಳೇ ಕಾಲದಲ್ಲಿ ಆಟದ ಮೇಲಿನ ಪ್ರೀತಿಗೆ ಆಡ್ತಿದ್ರಪ್ಪಾ."

ಈ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಹಳೇ ಕಾಲ ನನಗೆ ಗೊತ್ತು. ಆ ಕಾಲದಲ್ಲಿ ಒಬ್ಬ ಆಟಗಾರ ಒಂದು ಸಲ ಸಹಿ ಹಾಕಿದರೆ, ಆ ತಂಡ ಬಿಡುವವರೆಗೆ ಅವನು ಅದರ ಸೊತ್ತು. ಬೇರೆ ತಂಡದವರು ಅವನ ಜೊತೆ ಮಾತೂ ಆಡುವಂತಿರಲಿಲ್ಲ. ಬೇಸಿಗೆಯಲ್ಲಿ ಇಪ್ಪತ್ತು ಸಾವಿರ ಜನರ ಎದುರು ಆಡಿದವರು ಚಳಿಗಾಲದಲ್ಲಿ ಅಂಗಡಿಗಳಲ್ಲಿ ಸೋಫಾ ಹೊರುತ್ತಿದ್ದರು. ಪ್ರೀತಿಯಂತೆ ಪ್ರೀತಿ!

"ಆಲ್ಟನ್ ಪ್ರೂಯಿಟ್‌ಗೆ ಏನ್ ಮಾಡಿದ್ರು ಹೇಳ್ಲಾ?" ಎಂದೆ.

"ಅಯ್ಯೋ, ಶುರು ಮಾಡ್ದ," ಎಂದಳು ಲೊರೆಟಾ, ಲೋಟ ಒರೆಸುತ್ತಾ. ಈ ಕಥೆ ಅವಳು ನೂರು ಸಲ ಕೇಳಿದ್ದಾಳೆ. ಆದರೂ ಹೇಳಿದೆ.

ಸಾವಿರದ ಒಂಬೈನೂರ ಎಪ್ಪತ್ತು. ಆ ವರ್ಷದ ಕೊನೆಯ ಪಂದ್ಯದ ದಿನ. ಸ್ಟೋಕರ್ಸ್ ಕೊನೆಯ ಸ್ಥಾನದಲ್ಲಿತ್ತು. ಸರೋವರದ ಕಡೆಯಿಂದ ಗಾಳಿ ಬೀಸುತ್ತಿತ್ತು, ಇಡೀ ಮೈದಾನದಲ್ಲಿ ಮೂರು ಸಾವಿರ ಜನ ಇರಲಿಲ್ಲ. ನನಗೆ ಹದಿನಾರು ತುಂಬಿ ಹದಿನೇಳು ನಡೆಯುತ್ತಿತ್ತು. ಮೂರನೇ ಬೇಸಿನ ಹಿಂದೆ ಕೂತಿದ್ದೆ. ನಮ್ಮ ತಂಡದ ಆಲ್ಟನ್ ಪ್ರೂಯಿಟ್ ಆ ವರ್ಷ ಅಷ್ಟು ಹೊತ್ತಿಗೆ ನಾನೂರ ತೊಂಬತ್ತೊಂಬತ್ತು ಸಲ ಬ್ಯಾಟ್ ಮಾಡಿ ನೂರ ನಲವತ್ತೊಂಬತ್ತು ಹಿಟ್ ಹೊಡೆದಿದ್ದ. ಎದುರಾಳಿಯ ತಪ್ಪಿಲ್ಲದೆ, ಹೊಡೆತದ ಬಲದಿಂದಲೇ ಬೇಸ್ ಮುಟ್ಟಿದರೆ ಅದು ಹಿಟ್. ಇನ್ನೊಂದು ಹೊಡೆದರೆ ಐನೂರಕ್ಕೆ ನೂರೈವತ್ತು. ಹತ್ತಕ್ಕೆ ಮೂರು. ನಮ್ಮ ಆಟದಲ್ಲಿ ಅದಕ್ಕೆ ಮುನ್ನೂರು ಎನ್ನುತ್ತಾರೆ. ಮುನ್ನೂರು ಹೊಡೆದವನಿಗೆ ಇರುವ ಮರ್ಯಾದೆ ಇನ್ನೂರ ತೊಂಬತ್ತೆಂಟು ಹೊಡೆದವನಿಗೆ ಇಲ್ಲ. ಮುನ್ನೂರು ಹೊಡಿ, ಸಂಬಳದ ಮಾತಾಡೋಣ ಎಂದು ತಂಡದ ಮ್ಯಾನೇಜರ್ ಅವನಿಗೆ ಬಾಯಿಮಾತಿನಲ್ಲಿ ಹೇಳಿದ್ದ.

ಎಂಟನೆಯ ಇನಿಂಗ್ಸ್‌ನಲ್ಲಿ ಆಲ್ಟನ್ ಚೆಂಡನ್ನು ನೆಲಕ್ಕೆ ತಾಗಿಸಿ ಹೊಡೆದ. ಅದು ಎರಡನೇ, ಮೂರನೇ ಬೇಸಿನ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್‌ನ ಬಲಕ್ಕೆ ದೂರ ಓಡಿತು. ಆ ಹುಡುಗ ಚಾಚಿ ಹಿಡಿಯಲು ಹೋದ, ಚೆಂಡು ಅವನ ಗ್ಲೋವಿನ ಅಂಚಿಗೆ ಬಡಿದು ಪುಟಿಯಿತು. ಅಷ್ಟರಲ್ಲಿ ಆಲ್ಟನ್ ಮೊದಲ ಬೇಸ್ ಮುಟ್ಟಿದ್ದ. ಇದು ಬ್ಯಾಟ್ ಮಾಡಿದವನ ಹಿಟ್ಟೋ, ಹಿಡಿಯುವವನ ತಪ್ಪೋ, ಅಂದರೆ ಎರರ್ರೋ? ಅದನ್ನು ತೀರ್ಮಾನಿಸುವವನು ಮೇಲೆ ಕೂತ ಅಧಿಕೃತ ಸ್ಕೋರರ್. ಆ ಕಾಲದಲ್ಲಿ ಊರಿನ ಪತ್ರಿಕೆಯವರೇ ಆ ಕೆಲಸ ಮಾಡುತ್ತಿದ್ದರು. ಅವತ್ತು ಕೂತಿದ್ದವನು ತಂಡದ ವಿಮಾನದಲ್ಲೇ ಓಡಾಡಿ, ತಂಡದ ದುಡ್ಡಿನಲ್ಲೇ ಮಾಂಸದ ಊಟ ಮಾಡುತ್ತಿದ್ದವನು. ಸ್ಕೋರ್ ಬೋರ್ಡಿನ ಮೇಲೆ ದೀಪ ಹತ್ತಿತು: ಎರರ್. ನೂರ ನಲವತ್ತೊಂಬತ್ತು ಅಲ್ಲೇ ನಿಂತಿತು, ಐನೂರು ಮಾತ್ರ ಪೂರ್ತಿಯಾಯಿತು. ಇನ್ನೂರ ತೊಂಬತ್ತೆಂಟು.

ಚಳಿಗಾಲದಲ್ಲಿ ಆಲ್ಟನ್ ಮೂರು ಸಾವಿರ ಜಾಸ್ತಿ ಕೇಳಿದ. ನೀನು ಮುನ್ನೂರರ ಆಟಗಾರನಲ್ಲ ಎಂದರು. ಅವನು ಸಹಿ ಹಾಕಲಿಲ್ಲ. ಅವನನ್ನು ಮಾರಿದರು, ಕೆಳಗಿನ ಲೀಗಿಗೆ ತಳ್ಳಿದರು, ಅಲ್ಲಿ ಅವನ ಮೊಣಕಾಲು ಹೋಯಿತು. ಎರಡು ವರ್ಷದಲ್ಲಿ ಅವನ ಆಟ ಮುಗಿಯಿತು.

"ಅದು ಹಿಟ್ ಕಣೋ ಡೆಲ್," ಎಂದೆ. "ನಾನು ಕಣ್ಣಾರೆ ನೋಡಿದೀನಿ. ನನ್ನ ಪುಸ್ತಕದಲ್ಲಿ ಹಿಟ್ ಅಂತ್ಲೇ ಬರ್ದಿದೀನಿ."

ಹಫ್ನರ್ ಬಿಯರ್ ಕೆಳಗಿಟ್ಟ. "ಐವತ್ತು ವರ್ಷದಿಂದ ಹೇಳ್ತಿದೀಯ. ಆ ಪುಸ್ತಕ ಯಾರಾದ್ರೂ ನೋಡಿದಾರಾ?"

ನಿಜ, ಬೇರೆ ಎಲ್ಲ ಪುಸ್ತಕಗಳೂ ಈ ಕೌಂಟರಿಗೆ ಬಂದಿವೆ. ಎಪ್ಪತ್ತರದ್ದು ಬಂದಿರಲಿಲ್ಲ. ಬಾಯಿಪಾಠ ಇದ್ದದ್ದನ್ನು ಏಕೆ ಹೊತ್ತು ತರಬೇಕು?

"ಮುಂದಿನ ಶನಿವಾರ ತಗೊಂಡ್ ಬಾ," ಎಂದ ಹಫ್ನರ್. "ಹಿಟ್ ಅಂತ ಇದ್ರೆ ಆಟಗಾರ್ರನ್ನ ಕಳ್ಳ ಅಂತ ನಾನು ಜನ್ಮದಲ್ಲಿ ಅನ್ನಲ್ಲ. ಎರರ್ ಅಂತ ಇದ್ರೆ ಈ ಬಾರಲ್ಲಿ ಸಂಬಳದ ಬಗ್ಗೆ ನೀನು ಇನ್ನು ಬಾಯಿ ಬಿಡೋ ಹಾಗಿಲ್ಲ. ಯಾವತ್ತೂ. ಸರೀನಾ?"

"ಸರಿ," ಎಂದೆ. "ಲೊರೆಟಾ, ನೀನೇ ಸಾಕ್ಷಿ."

"ಹೂಂ, ನನ್ನ ತಲೆಗೇ ಕಟ್ಟಿ," ಎಂದಳು ಅವಳು.

ಭಾನುವಾರ ಚರ್ಚಿನಿಂದ ಬಂದು ಕೋಟು ಕಳಚಿ ನೆಲಮಾಳಿಗೆಗೆ ಇಳಿದೆ. ಪುಸ್ತಕಗಳು ಬಿಯರ್ ಪೆಟ್ಟಿಗೆಗಳಲ್ಲಿ ವರ್ಷದ ಪ್ರಕಾರ ಕೂತಿದ್ದವು. ಎಪ್ಪತ್ತರ ಪುಸ್ತಕದ ರಟ್ಟಿನ ಮೇಲೆ ನನ್ನ ಆಗಿನ ದುಂಡು ಅಕ್ಷರ. ಕೊನೆಯ ಹಾಳೆ ತಿರುಗಿಸಿ, ಪ್ರೂಯಿಟ್ ಹೆಸರಿನ ಸಾಲಿನಲ್ಲಿ ಎಂಟನೆಯ ಮನೆಗೆ ಬೆರಳಿಟ್ಟೆ.

ಇ-6 ಎಂದಿತ್ತು. ಇ ಎಂದರೆ ಎರರ್, ಆರು ಎಂದರೆ ಶಾರ್ಟ್‌ಸ್ಟಾಪ್. ನನ್ನದೇ ಅಕ್ಷರ.

ಕನ್ನಡಕ ಒರೆಸಿ ಮತ್ತೆ ನೋಡಿದೆ. ಇ-6 ಕೆಳಗೆ ಕಾಗದ ಸವೆದಿತ್ತು. ಅಲ್ಲಿ ಮೊದಲು ಒಂದು ಅಡ್ಡಗೆರೆ ಎಳೆದಿದ್ದೆ. ಹಿಟ್ ಎಂಬುದಕ್ಕೆ ನಾನು ಹಾಕುವ ಗೆರೆ. ಅದನ್ನು ರಬ್ಬರಿನಿಂದ ಉಜ್ಜಿ ತೆಗೆದಿದ್ದೆ.

ಆಗ ಎಲ್ಲ ನೆನಪಿಗೆ ಬಂತು. ಆಲ್ಟನ್ ಬೇಸ್ ಮುಟ್ಟಿದ ಕೂಡಲೇ ನಾನು ಗೆರೆ ಎಳೆದಿದ್ದೆ. ಬೋರ್ಡಿನ ದೀಪ ಹತ್ತಿತು. ಜನ ಥೂ ಎಂದು ಕೂಗಿದರು, ನಾನೂ ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದೆ. ಕೂಗಿ ಕೂತವನು ಏನು ಮಾಡಿದೆ? ಜೇಬಿನಿಂದ ರಬ್ಬರ್ ತೆಗೆದೆ. ಬೋರ್ಡಿಗೆ ಹೊಂದದ ಪುಸ್ತಕ ತಪ್ಪು ಪುಸ್ತಕ ಎಂದು ನನಗೆ ಯಾರೋ ಹೇಳಿಕೊಟ್ಟಿದ್ದರು. ಬಾಯಲ್ಲಿ ಬೈದು ಕೈಯಲ್ಲಿ ಒಪ್ಪಿಕೊಂಡಿದ್ದೆ. ಆಮೇಲೆ ಐವತ್ತಮೂರು ವರ್ಷ ಬೈದದ್ದನ್ನು ಮಾತ್ರ ನೆನಪಿಟ್ಟುಕೊಂಡೆ. ನಾಚಿಕೆಯಿಂದ ಮುಖ ಬಿಸಿಯಾಯಿತು, ಅಲ್ಲಿ ನನ್ನನ್ನು ನೋಡುವವರು ಯಾರೂ ಇಲ್ಲದಿದ್ದರೂ.

ನಾನೇನು ಹರಿಶ್ಚಂದ್ರನಲ್ಲ. ಮೇಜಿನ ಮೇಲೆ ಪೆನ್ಸಿಲ್ ಇತ್ತು, ರಬ್ಬರ್ ಇತ್ತು, ಅಕ್ಷರ ನನ್ನದೇ. ಪೆನ್ಸಿಲ್ ಚೂಪು ಮಾಡಿದೆ. ಇ-6 ಅಳಿಸಿ ಗೆರೆ ಎಳೆದರೆ ಈ ಭೂಮಿಯ ಮೇಲೆ ಯಾರಿಗೂ ಗೊತ್ತಾಗುವುದಿಲ್ಲ. ನನ್ನ ಸ್ಟೂಲು ನನಗಿರುತ್ತದೆ, ಹಫ್ನರ್‌ನ ಬಾಯಿ ಮುಚ್ಚುತ್ತದೆ. ಅಳಿಸಿಯೇ ಬಿಡುತ್ತಿದ್ದೆ. ಆದರೆ ಆ ಜಾಗದಲ್ಲಿ ಕಾಗದ ಎಷ್ಟು ತೆಳ್ಳಗಾಗಿತ್ತೆಂದರೆ, ಇನ್ನೊಂದು ಸಲ ರಬ್ಬರ್ ತಾಗಿದರೆ ತೂತು ಬೀಳುತ್ತಿತ್ತು. ತೂತಿರುವ ಪುಸ್ತಕವನ್ನು ಯಾರು ನಂಬುತ್ತಾರೆ? ನನ್ನನ್ನು ಅವತ್ತು ಕಾಪಾಡಿದ್ದು ನನ್ನ ಗುಣವಲ್ಲ, ಅಗ್ಗದ ಕಾಗದ.

ನಾಲ್ಕು ದಿನ ಒದ್ದಾಡಿದೆ. ಗುರುವಾರ ಬೆಳಿಗ್ಗೆ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಆಲ್ಟನ್ ಪ್ರೂಯಿಟ್‌ನ ಮನೆಗೆ ಹೋದೆ.

ಹೌದು, ಅವನು ಇದೇ ಊರಿನಲ್ಲಿದ್ದಾನೆ. ಆಟ ಮುಗಿದ ಮೇಲೆ ಅರ್ಕಾನ್ಸಾಗೆ ವಾಪಸು ಹೋಗದೆ ಹ್ಯಾಲಿಡನ್‌ನ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ಸೇರಿದ. ನಾನು ಡ್ರೈವರ್ ಆಗಿ ಸೇರಿದಾಗ ಅವನು ಅಲ್ಲಿದ್ದ. ಹತ್ತೊಂಬತ್ತು ವರ್ಷ ಒಂದೇ ಡಿಪೋದಲ್ಲಿ ಊಟ ಮಾಡಿದೆವು. ನಾನು ಆ ಎಂಟನೆಯ ಇನಿಂಗ್ಸ್‌ನ ಕಥೆ ಎಲ್ಲರಿಗೂ ಹೇಳುತ್ತಿದ್ದೆ, ಅವನು ಪಕ್ಕದಲ್ಲಿ ಕೂತು ರೊಟ್ಟಿ ತಿನ್ನುತ್ತಿದ್ದ. ಒಂದು ದಿನವೂ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ನೋವಿಗೆ ಮಾತಿಲ್ಲ ಎಂದುಕೊಂಡಿದ್ದೆ.

ಈಗ ಅವನಿಗೆ ಎಂಬತ್ತು. ವಯಸ್ಸಾದವರ ವಸತಿಯಲ್ಲಿ, ಎರಡನೆಯ ಮಹಡಿಯ ಕೋಣೆಯಲ್ಲಿ ಒಬ್ಬನೇ ಇದ್ದಾನೆ. ಬಾಗಿಲು ತೆಗೆದವನು ನನ್ನ ಕೈಯ ಪುಸ್ತಕ ನೋಡಿದ.

"ಬಾ ಮಗೂ," ಎಂದ. ನನಗೆ ಎಪ್ಪತ್ತು ನಡೆಯುತ್ತಿದ್ದರೂ ಅವನಿಗೆ ನಾನು ಮಗು. "ಕಾರ್ನ್‌ಬ್ರೆಡ್ ಮಾಡಿದೀನಿ. ಮಜ್ಜಿಗೆ ಜೊತೆ ತಿಂತೀಯಾ?"

"ಮೊದ್ಲು ಇದನ್ನ ನೋಡಿ. ಆಮೇಲೆ ತಿನ್ನೋಕೆ ಕೊಡ್ಬೇಕೋ ಬೇಡ್ವೋ ಹೇಳಿ."

ಪುಸ್ತಕ ಬಿಚ್ಚಿ ಅವನ ಅಡುಗೆಮನೆಯ ಮೇಜಿನ ಮೇಲಿಟ್ಟೆ. ಎಲ್ಲ ಹೇಳಿದೆ: ಗೆರೆ, ದೀಪ, ರಬ್ಬರ್, ಬಾಜಿ. ಪೆನ್ಸಿಲ್ ಚೂಪು ಮಾಡಿದ್ದನ್ನೂ ಹೇಳಿದೆ. ಅವನು ಸೊಟ್ಟ ಬೆರಳುಗಳಿಂದ ಹಾಳೆಯನ್ನು ಹತ್ತಿರಕ್ಕೆ ಎಳೆದು ನೋಡಿದ.

"ಸರಿಯಾಗೇ ಬರ್ದಿದೀಯಲ್ಲೋ," ಎಂದ. "ಅದು ಎರರ್ರೇ."

ನನಗೆ ಕೇಳಿದ್ದು ಅರ್ಥವಾಗಲಿಲ್ಲ. "ಏನು?"

"ಎರರ್ರೇ ಅಂದೆ. ಆ ಹುಡ್ಗ ಅಂಥ ಚೆಂಡನ್ನ ಹತ್ತಕ್ಕೆ ಒಂಬತ್ತು ಸಲ ಹಿಡೀತಿದ್ದ. ಅವತ್ತು ಚೆಂಡು ಬಿಟ್ಟು ನನ್ನನ್ನ ನೋಡ್ದ, ಎಷ್ಟು ದೂರ ಓಡಿದೀನಿ ಅಂತ. ಕಣ್ಣು ತೆಗ್ದ, ಚೆಂಡು ಹೋಯ್ತು. ಬೇಸ್ ಮೇಲೆ ನಿಂತಾಗ್ಲೇ ನಂಗೆ ಗೊತ್ತಿತ್ತು."

"ಇಲ್ಲ," ಎಂದೆ. "ಹಿಟ್ ಅದು."

"ಹೊಡೆದೋನು ನಾನು ಮಗೂ."

"ನೋಡಿದೋನು ನಾನು! ಮೂರನೇ ಬೇಸ್ ಹಿಂದೆ ಕೂತಿದ್ದೆ. ನೀವು ತಲೆ ತಗ್ಗಿಸಿ ಓಡ್ತಿದ್ರಿ, ನಿಮಗೇನ್ ಕಾಣ್ಸುತ್ತೆ?"

ಅವನಿಗೆ ನಗು ಬಂತು. ನಗುತ್ತಾ ನಗುತ್ತಾ ಕೆಮ್ಮಿದ, ಕೆಮ್ಮು ನಿಲ್ಲಿಸಲು ನೀರು ಕುಡಿದ. ನನಗೆ ನಗು ಬರಲಿಲ್ಲ. ಐವತ್ತಮೂರು ವರ್ಷ ಒಬ್ಬ ಮನುಷ್ಯನ ಪರವಾಗಿ ಊರೆಲ್ಲ ಜಗಳ ಕಾದು, ಕೊನೆಗೆ ಅವನೇ ಎದುರು ಪಕ್ಷ ಸೇರಿದರೆ ಹೇಗಾಗಬೇಡ? ಸಿಟ್ಟು ನೆತ್ತಿಗೇರಿತು.

"ಹಾಗಿದ್ರೆ ಹತ್ತೊಂಬತ್ತು ವರ್ಷ ಡಿಪೋದಲ್ಲಿ ಬಾಯಿ ಮುಚ್ಕೊಂಡು ಯಾಕ್ ಕೂತಿದ್ರಿ? ಆ ಪೇಪರ್‌ನವನಿಗೆ ನಾನು ಹಾಕಿರೋ ಶಾಪ ಎಷ್ಟು ಗೊತ್ತಾ?"

"ನನ್ನ ಪರವಾಗಿ ಜಗಳ ಆಡೋನು ನೀನೊಬ್ಬನೇ ಇದ್ದೆ," ಎಂದ ಆಲ್ಟನ್. "ಅದನ್ನೂ ನಾನೇ ಕಳ್ಕೊಳ್ಳೋದಾ?"

ಅವನು ಮೆಕ್ಕೆಜೋಳದ ಆ ಬ್ರೆಡ್ ಮುರಿದು ಲೋಟದ ಮಜ್ಜಿಗೆಗೆ ಹಾಕಿ ಚಮಚೆಯಿಂದ ಅದುಮಿದ. ಆಮೇಲೆ ಅವನು ಮಾತಾಡಿದ್ದು ನಗುವಿನ ದನಿಯಲ್ಲಲ್ಲ.

"ಆದ್ರೆ ನೀನು ಯಾವಾಗ್ಲೂ ತಪ್ಪು ಜಗಳ ಆಡ್ತಿದ್ದೆ ಮಗೂ. ನಾನು ಹಿಟ್ ಕೇಳ್ಲಿಲ್ಲ. ಕೂಲಿ ಕೇಳ್ದೆ. ಆ ವರ್ಷ ನೂರ ನಲವತ್ತೊಂದು ಪಂದ್ಯ ಆಡಿದೀನಿ. ಹೆಬ್ಬೆರಳು ಮುರಿದಿತ್ತು, ಬಟ್ಟೆ ಸುತ್ಕೊಂಡು ಆಡ್ದೆ. ಹದಿನಾಲ್ಕು ಸಾವಿರ ಕೊಡ್ತಿದ್ರು, ಇನ್ನು ಮೂರು ಕೊಡಿ ಅಂದೆ. ಇನ್ನೂರ ತೊಂಬತ್ತೆಂಟು ಅಂದ್ರು. ಮುನ್ನೂರು ಆಗಿದ್ರೆ ನಿನ್ನ ಎಸೆತ ಸರಿಯಿಲ್ಲ ಅಂತಿದ್ರು. ಎಸೆತ ಸರಿಯಿದ್ರೆ ಜನ ಬರ್ಲಿಲ್ಲ ಅಂತಿದ್ರು. ಕೊಡಬಾರ್ದು ಅಂತ ತೀರ್ಮಾನ ಮಾಡಿದೋನಿಗೆ ಒಂದು ನಂಬರ್ ಬೇಕು, ಅಷ್ಟೇ. ಯಾವ್ದಾದ್ರೂ ಸಿಗುತ್ತೆ. ನೀನು ಐವತ್ತು ವರ್ಷ ಅವರ ನಂಬರ್ ಜೊತೆ ಗುದ್ದಾಡ್ದೆ."

ನನಗೆ ಅದು ತಾಗಿತು. ಹಿಟ್ ಆಗಿದ್ದರೆ ಅವನಿಗೆ ನ್ಯಾಯ, ಎರರ್ ಆಗಿದ್ದರೆ ಆದದ್ದೆಲ್ಲ ಸರಿ ಎಂದು ನಾನೇ ಒಪ್ಪಿಕೊಂಡು ಕೂತಿದ್ದೆನಲ್ಲ! ಹಫ್ನರ್‌ನ ಬಾಜಿಯಲ್ಲಿ ಇದ್ದದ್ದೂ ಅದೇ. ಅದಕ್ಕೆ ಸರಿ ಎಂದು ತಲೆಯಾಡಿಸಿದವನೂ ನಾನೇ.

"ಶನಿವಾರ ಎಷ್ಟು ಗಂಟೆಗೆ ನಿಂದು?" ಎಂದ ಆಲ್ಟನ್.

"ಹನ್ನೆರಡಕ್ಕೆ. ಯಾಕೆ?"

"ಪಿರೋಗಿ ತಿಂದು ಬಹಳ ದಿನ ಆಯ್ತು."

ಶನಿವಾರ ಬಾರು ತುಂಬಿತ್ತು. ಹಫ್ನರ್ ಊರಿಗೆಲ್ಲ ಸಾರಿದ್ದ. ಆಲ್ಟನ್ ಕೋಲೂರಿಕೊಂಡು ನನ್ನ ಹಿಂದೆ ಬಂದು ಮೂಲೆಯ ಮೇಜಿನಲ್ಲಿ ಕೂತ. ಐವತ್ತು ವರ್ಷದ ಹಿಂದೆ ಅವನ ಮುಖ ಅಂಗಡಿಗಳ ಗೋಡೆಯ ಮೇಲಿತ್ತು. ಈಗ ಯಾರೂ ತಿರುಗಿ ನೋಡಲಿಲ್ಲ. ಲೊರೆಟಾ ಮಾತ್ರ ಒಂದು ಸಲ ದಿಟ್ಟಿಸಿ, ಪಿರೋಗಿಯ ತಟ್ಟೆ ತಂದಿಟ್ಟಳು.

ನಾನು ಪುಸ್ತಕ ಕೌಂಟರಿನ ಮೇಲಿಟ್ಟು ಕೊನೆಯ ಹಾಳೆ ಬಿಚ್ಚಿದೆ. "ಓದು," ಎಂದೆ.

ಹಫ್ನರ್ ಬಗ್ಗಿದ. ಮೇಲೆದ್ದಾಗ ಅವನ ಮುಖ ಹಬ್ಬವಾಗಿತ್ತು. "ಇ-6! ಎರರ್! ಎಲ್ರೂ ನೋಡ್ರಪ್ಪಾ! ಐವತ್ತು ವರ್ಷ ನಮ್ಮ ಕಿವಿಗೆ ಹೂ ಇಟ್ಟಿದಾನೆ ಈ ಮಹಾನುಭಾವ!"

ಯಾರೋ ಶಿಳ್ಳೆ ಹಾಕಿದರು. ಯಾರೋ ನನ್ನ ಟೊಪ್ಪಿಯನ್ನು ಕಣ್ಣಿನವರೆಗೆ ಎಳೆದರು.

"ಹೌದು, ಇಟ್ಟಿದೀನಿ," ಎಂದೆ, ಟೊಪ್ಪಿ ಸರಿಮಾಡಿಕೊಂಡು. "ಗೊತ್ತಿಲ್ದೇ ಇಟ್ಟೆ, ಆದ್ರೂ ಇಟ್ಟಿದ್ದು ನಾನೇ. ಮೊದ್ಲು ಹಿಟ್ ಅಂತ ಬರ್ದೆ. ಬೋರ್ಡ್ ನೋಡಿ ಹೆದ್ರಿ ಅಳಿಸ್ದೆ. ಬಾಜಿ ಸೋತಿದೀನಿ. ಸಂಬಳದ ಬಗ್ಗೆ ಇಲ್ಲಿ ನಾನು ಇನ್ನು ಬಾಯಿ ಬಿಡಲ್ಲ."

ಲೊರೆಟಾ ನನ್ನನ್ನು ಮರುಕದಿಂದ ನೋಡಿದಳು. ಅವಳ ಮರುಕ ನನಗೆ ಬೇಕಿರಲಿಲ್ಲ. ಸ್ಟೂಲಿನ ಮೇಲೆ ಕೂತು ಬಿಯರ್ ಹಿಡಿದುಕೊಂಡೆ.

ಹಫ್ನರ್ ಶುರು ಮಾಡಿದ. ಎದುರು ಮಾತಾಡುವವನಿಲ್ಲದೆ ಅವನ ದನಿ ಇಮ್ಮಡಿಯಾಗಿತ್ತು. ಮೂವತ್ತು ಕೋಟಿ ಎಂದ. ಟಿಕೆಟ್ ದುಬಾರಿಯಾದದ್ದು ಇವರಿಂದಲೇ ಎಂದ. ಪ್ಲೇಆಫ್ ಸೋತದ್ದು ಹೊಟ್ಟೆ ಬೆಳೆದು ಎಂದ. "ಆ ಪ್ರೂಯಿಟ್ಟೂ ಅಷ್ಟೇ," ಎಂದ. "ಇನ್ನೂರ ತೊಂಬತ್ತೆಂಟು ಹೊಡ್ದು ಮುನ್ನೂರರ ದುಡ್ಡು ಕೇಳ್ದ. ದುರಾಸೆ ಕಣ್ರೀ. ಅಲ್ಲಿಂದ ಶುರುವಾಗಿದ್ದು ಈ ರೋಗ." ನನ್ನ ನಾಲಿಗೆ ಹಲ್ಲಿನ ಹಿಂದೆ ಕಟ್ಟಿಹಾಕಿದ ನಾಯಿಯ ಹಾಗೆ ಎಳೆಯುತ್ತಿತ್ತು. ಕೊಟ್ಟ ಮಾತು ಮಾತು. ಸುಮ್ಮನೆ ಕೂತೆ.

"ಸಾರ್," ಎಂದಿತು ಮೂಲೆಯಿಂದ ಒಂದು ದನಿ. "ತಾವು ಏನ್ ಕೆಲಸ ಮಾಡ್ತಿದ್ರಿ?"

ಹಫ್ನರ್ ತಿರುಗಿದ. ಹೊಸ ಕೇಳುಗ ಸಿಕ್ಕ ಖುಷಿ ಅವನಿಗೆ. "ವಿಮೆ. ನಲವತ್ತು ವರ್ಷ."

"ಒಂದೇ ಕಂಪನೀಲಾ?"

"ಎಲ್ಲಿ ಸಾರ್! ಮೂರು ಕಂಪನಿ ಬದಲಾಯಿಸ್ದೆ."

"ಯಾಕೆ?"

"ಯಾಕೆ ಅಂದ್ರೆ? ಜಾಸ್ತಿ ಕೊಡ್ತೀನಿ ಅಂದ್ರು, ಹೋದೆ. ಯಾರ್ ತಾನೇ ಹೋಗಲ್ಲ?"

"ಮೊದಲ್ನೇ ಕಂಪನಿಯೋರು ಬಿಟ್ರಾ?"

"ಅವರ್ಯಾರು ಬಿಡೋಕೆ? ನಾನೇನು ಅವರ ಮನೆ ಕುರ್ಚಿನಾ?"

"ಸರಿಯಾಗಿ ಹೇಳಿದ್ರಿ," ಎಂದ ಆಲ್ಟನ್. ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಮೇಜು ಹಿಡಿದು ನಿಧಾನಕ್ಕೆ ಎದ್ದು ನಿಂತ. "ನಾನು ಕುರ್ಚಿ ಆಗಿದ್ದೆ ಸಾರ್. ಆಲ್ಟನ್ ಪ್ರೂಯಿಟ್ ಅಂತಾರೆ ನನ್ನ. ಒಂದೇ ಒಂದು ಸಲ ಜಾಸ್ತಿ ಕೇಳ್ದೆ. ನೀವು ಮೂರು ಸಲ ಕೇಳಿದೀರಿ. ನಿಮ್ಮದು ದುರಾಸೆ ಅಂತ ನಾನು ಅನ್ನಲ್ಲ. ಕೆಲಸ ಮಾಡಿದೀರಿ, ಕೇಳಿದೀರಿ."

ಬಾರಿನಲ್ಲಿ ಎಲ್ಲರೂ ತಿನ್ನುವುದು ನಿಲ್ಲಿಸಿದರು. ಹಫ್ನರ್‌ನ ಕಿವಿ ಕೆಂಪಾಯಿತು. ಎರಡು ಹೆಜ್ಜೆ ಮುಂದೆ ಬಂದು, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಡೆಲ್ ಹಫ್ನರ್ ಟೊಪ್ಪಿ ತೆಗೆದದ್ದನ್ನು ನಾನು ರಾಷ್ಟ್ರಗೀತೆಯ ಹೊತ್ತಿನಲ್ಲಿ ಬಿಟ್ಟರೆ ನೋಡಿರಲಿಲ್ಲ.

"ಸಾರ್, ನಂಗೆ... ನೀವು ಅಂತ ಗೊತ್ತಿರ್ಲಿಲ್ಲ," ಎಂದ.

"ಗೊತ್ತಿದ್ರೆ ಬೇರೆ ಮಾತಾಡ್ತಿದ್ರಾ?"

ಹಫ್ನರ್ ಕೈಯಲ್ಲಿದ್ದ ಟೊಪ್ಪಿಯ ಅಂಚು ತಿರುವಿದ.

ಆಲ್ಟನ್ ಕೌಂಟರಿನ ಹತ್ತಿರ ಬಂದ. ನಾನು ನನ್ನ ಸ್ಟೂಲಿನಿಂದ ಇಳಿದು ಅವನಿಗೆ ಬಿಟ್ಟುಕೊಟ್ಟೆ. ಅವನು ಕೂತು ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ, ಆ ಹಾಳೆಯೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದ. ಸವೆದ ಜಾಗದಲ್ಲಿ ಬೆಳಕು ಈಚೆಗೆ ಬಂತು. ಇ-6 ಕೆಳಗೆ ಹಳೆಯ ಗೆರೆಯ ಅಚ್ಚು ತೆಳ್ಳಗೆ ಕಾಣಿಸಿತು. ಅವನು ಅದರ ಮೇಲೆ ಹೆಬ್ಬೆರಳು ಆಡಿಸಿದ. ಅವತ್ತು ಮುರಿದಿದ್ದದ್ದು ಅದೇ ಹೆಬ್ಬೆರಳೋ ಏನೋ, ನಾನು ಕೇಳಲಿಲ್ಲ.

"ಇದು ದೀಪ ಹತ್ತೋದಕ್ಕಿಂತ ಮೊದ್ಲು ಬರ್ದಿದ್ದಾ?" ಎಂದ.

"ಹೂಂ. ನೀವು ಬೇಸ್ ಮುಟ್ಟಿದ ತಕ್ಷಣ."

"ಅಂದ್ರೆ ಒಂದರ್ಧ ನಿಮಿಷ ನಾನು ಮುನ್ನೂರು ಹೊಡ್ದಿದ್ದೆ," ಎಂದ ಆಲ್ಟನ್. "ಈ ಊರಲ್ಲಿ ಒಬ್ನ ಹತ್ರ ಆದ್ರೂ."

ಅವನ ಕಣ್ಣು ತುಂಬಿತ್ತು. ನೋಡಿ, ಎರರ್ ಎಂದು ಎರಡು ದಿನದ ಹಿಂದೆ ನನ್ನ ಜೊತೆ ವಾದ ಮಾಡಿದವನು ಇವನೇ! ನನಗೆ ಸಿಟ್ಟು ಬಂತು. ಆ ಬೋರ್ಡಿನ ಮೇಲೆ, ಆ ದೀಪದ ಮೇಲೆ, ರಬ್ಬರ್ ಹಿಡಿದ ಆ ಹದಿನಾರರ ಪುಕ್ಕಲನ ಮೇಲೆ.

"ಲೊರೆಟಾ, ಪೆನ್ ಕೊಡು," ಎಂದೆ. "ಪೆನ್ಸಿಲ್ ಅಲ್ಲ. ಪೆನ್ನು."

ಅವಳು ಆರ್ಡರ್ ಬರೆಯುವ ಪೆನ್ ತೆಗೆದುಕೊಟ್ಟಳು.

"ಬೇಡ ಮಗೂ," ಎಂದ ಆಲ್ಟನ್. "ಅದು ಎರರ್ರು."

"ನೀವು ಸುಮ್ನಿರಿ. ಪುಸ್ತಕ ನಂದು."

"ಲೋ, ಬಾಜಿ ಸೋತಿದೀಯ!" ಎಂದ ಹಫ್ನರ್, ಟೊಪ್ಪಿ ಇನ್ನೂ ಕೈಯಲ್ಲೇ ಇತ್ತು.

"ಬಾಜಿ ಇದ್ದಿದ್ದು ಸಂಬಳದ ಮಾತಿಗೆ. ನನ್ನ ಕಣ್ಣಿಗಲ್ಲ," ಎಂದೆ.

ಇ-6 ಅನ್ನು ಮುಟ್ಟಲಿಲ್ಲ. ಅದು ನಾನು ಬರೆದದ್ದು, ಅಲ್ಲೇ ಇರಲಿ. ಅದರ ಕೆಳಗೆ, ಸವೆದ ಜಾಗದಲ್ಲಿ, ಹಳೆಯ ಅಚ್ಚಿನ ಮೇಲೆಯೇ ಒತ್ತಿ ಗೆರೆ ಎಳೆದೆ. ಕಾಗದ ಒಂದು ಕಡೆ ಸ್ವಲ್ಪ ಹರಿಯಿತು. ನಾನು ಕೈ ನಿಲ್ಲಿಸಲಿಲ್ಲ. ಕೊನೆಯವರೆಗೆ ಎಳೆದೆ.

ಎರಡೂ ಗುರುತು ಈಗ ಒಂದೇ ಮನೆಯಲ್ಲಿವೆ. ಪುಸ್ತಕ ಲೊರೆಟಾಳ ಕೌಂಟರಿನ ಹಿಂದಿನ ಕಪಾಟಿನಲ್ಲಿದೆ, ಯಾರು ಬೇಕಾದರೂ ತೆಗೆದು ನೋಡಬಹುದು. ಸಂಬಳದ ಬಗ್ಗೆ ನಾನು ಅಲ್ಲಿ ಇವತ್ತಿನವರೆಗೆ ಒಂದು ಮಾತೂ ಆಡಿಲ್ಲ. ಶನಿವಾರ ಆ ಮಾತು ಬಂದರೆ ಎಲ್ಲರೂ ಕಿಟಕಿಯ ಪಕ್ಕದ ಸ್ಟೂಲಿನ ಕಡೆ ತಿರುಗುತ್ತಾರೆ. ಅಲ್ಲಿ ಈಗ ಆಲ್ಟನ್ ಕೂರುತ್ತಾನೆ.